ಪುಟ್ಟ ನೃತ್ಯಶಾಲೆಗೆ ವೃತ್ತಿಪರ ಜಾಲತಾಣವನ್ನು ಆರಿಸುವುದು ಹೇಗೆ?

ಮನೆಯ ಮಹಡಿಯಲ್ಲೋ ಬಡಾವಣೆಯ ಸಮುದಾಯ ಭವನದಲ್ಲೋ ಸಂಜೆಯ ಹೊತ್ತು ಭರತನಾಟ್ಯ ಕಲಿಸುವ, ಒಬ್ಬ ಗುರುಗಳು ಮತ್ತು ಅವರ ಒಬ್ಬಿಬ್ಬರು ಹಿರಿಯ ಶಿಷ್ಯರೇ ಸೇರಿ ನಡೆಸುವ ಶಾಲೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಮಾರ್ಗದರ್ಶಿಯನ್ನು ಬರೆದಿದ್ದೇನೆ. ಕಥಕ್, ಕೂಚಿಪುಡಿ, ಜಾನಪದ ಅಥವಾ ಸಿನಿಮಾ ನೃತ್ಯ ಕಲಿಸುವವರಿಗೂ ಇಲ್ಲಿನ ಹೆಚ್ಚಿನ ಮಾತುಗಳು ಅನ್ವಯಿಸುತ್ತವೆ. ಇಂತಹ ಶಾಲೆಗಳು ಬಾಯಿಂದ ಬಾಯಿಗೆ ಹರಡಿದ ಹೆಸರಿನಿಂದಲೇ ಬೆಳೆದಿವೆ, ಈಗಲೂ ಬೆಳೆಯುತ್ತಿವೆ. ಆದರೆ ಪಕ್ಕದ ಮನೆಯವರಿಂದ ನಿಮ್ಮ ಹೆಸರು ಕೇಳಿದ ತಾಯಿಯೊಬ್ಬರು ಫೋನ್ ಮಾಡುವ ಮುನ್ನ ಆ ಹೆಸರನ್ನು ಮೊಬೈಲಿನಲ್ಲಿ ಹುಡುಕಿ ನೋಡುತ್ತಾರೆ. ಆಗ ಅವರ ಕಣ್ಣಿಗೆ ಬೀಳುವುದು ಏನು ಎಂಬುದನ್ನು ನೀವೇ ತೀರ್ಮಾನಿಸುವಂತಿರಬೇಕು.

ಅಂದಚೆಂದ, ಬಣ್ಣ, ಜಾರುವ ಚಿತ್ರಗಳು ಇವೆಲ್ಲ ಆಮೇಲಿನ ವಿಷಯ. ಸಣ್ಣ ನೃತ್ಯಶಾಲೆಯ ಜಾಲತಾಣವನ್ನು ನಾನು ಎರಡೇ ಮಾನದಂಡಗಳಿಂದ ಅಳೆಯುತ್ತೇನೆ. ಅದರ ಹೆಸರು ಮತ್ತು ಕೀಲಿ (ಪಾಸ್‌ವರ್ಡ್) ಗುರುಗಳ ಬಳಿಯೇ ಇರಬೇಕು. ತರಗತಿಯ ಸಮಯ ಬದಲಾದರೆ ಅದೇ ರಾತ್ರಿ ಗುರುಗಳೋ ಮನೆಯವರೋ ತಮ್ಮ ಮೊಬೈಲಿನಿಂದಲೇ ಅದನ್ನು ತಿದ್ದಲು ಸಾಧ್ಯವಾಗಬೇಕು. ಮುಂದಿನ ಪ್ರತಿಯೊಂದು ಹೆಜ್ಜೆಯಲ್ಲೂ ಆಯ್ಕೆ ಕಷ್ಟವೆನಿಸಿದಾಗ ಈ ಎರಡಕ್ಕೆ ಮರಳಿ ಬನ್ನಿ.

ಹೆಜ್ಜೆ 1: ಪೋಷಕರ ಪ್ರಶ್ನೆಗಳನ್ನು ಬರೆದಿಟ್ಟುಕೊಳ್ಳಿ

ವೆಬ್‌ಸೈಟ್ ಮಾಡಿಕೊಡುವವರನ್ನು ಹುಡುಕುವ ಮೊದಲು ನಿಮ್ಮ ವಾಟ್ಸಾಪ್ ತೆರೆದು, ಈಚಿನ ತಿಂಗಳುಗಳಲ್ಲಿ ಹೊಸಬರು ಕೇಳಿದ್ದನ್ನೆಲ್ಲ ಒಂದು ಹಾಳೆಯ ಮೇಲೆ ಇಳಿಸಿಕೊಳ್ಳಿ. ‘ನಮಸ್ತೆ ಮೇಡಂ, ಮಗಳಿಗೆ ಐದು ವರ್ಷ, ಸೇರಿಸಿಕೊಳ್ತೀರಾ?’, ‘ಶನಿವಾರ, ಭಾನುವಾರ ಮಾತ್ರ ಬ್ಯಾಚ್ ಇದೆಯಾ?’, ‘ಫೀಸ್ ಎಷ್ಟು?’, ‘ಜೂನಿಯರ್ ಪರೀಕ್ಷೆಗೆ ಕೂರಿಸ್ತೀರಾ?’, ‘ನನಗೇ ಮೂವತ್ತೈದು, ಈಗ ಕಲಿಯಬಹುದಾ?’ ಹೀಗೆ ಕೇಳಿದ್ದೇ ಪ್ರಶ್ನೆಗಳು ಮತ್ತೆ ಮತ್ತೆ ಬಂದಿರುವುದು ಕಾಣುತ್ತದೆ. ನಿಮ್ಮ ಜಾಲತಾಣದ ಕೆಲಸ ಈ ಪ್ರಶ್ನೆಗಳಿಗೆ ಉತ್ತರ ಕೊಡುವುದು. ಆ ಉತ್ತರಗಳನ್ನು ಮೊದಲೇ ಬರೆದಿಟ್ಟುಕೊಂಡವರಿಗೆ ತಾಣ ಕಟ್ಟುವುದು ಕೆಲವೇ ದಿನಗಳ ಕೆಲಸ. ಬರೆಯದೇ ಶುರು ಮಾಡಿದವರ ತಾಣದಲ್ಲಿ ‘ಶೀಘ್ರದಲ್ಲೇ ಬರಲಿದೆ’ ಎಂಬ ಪುಟಗಳು ವರ್ಷಗಟ್ಟಲೆ ಹಾಗೇ ಉಳಿದುಬಿಡುತ್ತವೆ.

ಆರು ಪುಟಗಳು ಧಾರಾಳವಾಗಿ ಸಾಕು. ಮೊದಲ ಪುಟ, ಗುರುಗಳ ಪರಿಚಯ, ತರಗತಿಗಳು ಮತ್ತು ವೇಳಾಪಟ್ಟಿ, ಶುಲ್ಕ, ಚಿತ್ರ ಮತ್ತು ವಿಡಿಯೊ, ಸಂಪರ್ಕ. ಇವುಗಳಲ್ಲಿ ಪೋಷಕರು ಹೆಚ್ಚು ಹೊತ್ತು ಓದುವುದು ಗುರುಗಳ ಪರಿಚಯವನ್ನು. ‘ಅಂತರರಾಷ್ಟ್ರೀಯ ಖ್ಯಾತಿಯ ಕಲಾವಿದೆ’ ಎಂಬ ವಿಶೇಷಣದಿಂದ ಅವರಿಗೆ ಏನೂ ತಿಳಿಯುವುದಿಲ್ಲ. ಯಾರ ಬಳಿ ಎಷ್ಟು ವರ್ಷ ಕಲಿತಿರಿ, ಯಾವ ಬಾನಿ (ಗುರುಪರಂಪರೆಯ ಶೈಲಿ), ವಿದ್ವತ್ ಪರೀಕ್ಷೆಯನ್ನು ಯಾವ ವರ್ಷ ಮುಗಿಸಿದಿರಿ, ರಂಗಪ್ರವೇಶ ಎಲ್ಲಿ ನಡೆಯಿತು, ಎಷ್ಟು ವರ್ಷಗಳಿಂದ ಕಲಿಸುತ್ತಿದ್ದೀರಿ ಎಂಬುದನ್ನು ಹೆಸರು ಮತ್ತು ಇಸವಿಗಳ ಸಮೇತ ಬರೆಯಿರಿ. ನಟುವಾಂಗ (ತಾಳ ಹಿಡಿದು ನೃತ್ಯವನ್ನು ನಡೆಸುವುದು) ನೀವೇ ಮಾಡುತ್ತೀರಾ, ಹಾಡುವವರು ಜೊತೆಯಲ್ಲಿದ್ದಾರೆಯೇ ಎಂಬ ಸಂಗತಿಯೂ ಬಲ್ಲವರಿಗೆ ಬಹಳ ಹೇಳುತ್ತದೆ.

ವೇಳಾಪಟ್ಟಿಯನ್ನು ಬರೆಯುವ ರೀತಿಯೂ ಮುಖ್ಯ. ‘ಸಂಜೆ ಬ್ಯಾಚ್‌ಗಳು ಲಭ್ಯ’ ಎಂದು ಬರೆದರೆ ಓದಿದವರು ಮತ್ತೆ ಫೋನ್ ಮಾಡಲೇಬೇಕು. ಅದರ ಬದಲು ಹೀಗೆ ಬರೆಯಬಹುದು: ‘ಆರಂಭಿಕರು, 6ರಿಂದ 9 ವರ್ಷ. ಮಂಗಳವಾರ ಮತ್ತು ಗುರುವಾರ, ಸಂಜೆ 5ರಿಂದ 6. ಅಡವುಗಳಿಂದ ಆರಂಭ. ಈ ಬ್ಯಾಚ್‌ನಲ್ಲಿ ಈಗ ನಾಲ್ಕು ಮಕ್ಕಳಿಗೆ ಜಾಗವಿದೆ.’ ಈ ನಾಲ್ಕು ವಾಕ್ಯಗಳು ತಪ್ಪಾದ ವಯಸ್ಸಿನ, ಹೊಂದದ ಸಮಯದ ವಿಚಾರಣೆಗಳನ್ನು ತಾವಾಗಿಯೇ ತಡೆಯುತ್ತವೆ, ಸರಿಯಾದವರನ್ನು ನೇರವಾಗಿ ನಿಮ್ಮ ಬಾಗಿಲಿಗೆ ಕರೆತರುತ್ತವೆ.

ಶುಲ್ಕವನ್ನು ಬಹಿರಂಗವಾಗಿ ಹಾಕಬೇಕೇ ಎಂಬ ಬಗ್ಗೆ ಗುರುಗಳಲ್ಲಿ ಸಂಕೋಚವಿದೆ. ವಿದ್ಯೆಗೆ ಬೆಲೆ ಕಟ್ಟಿದಂತೆ ಆಗುತ್ತದೆ ಎಂಬ ಅಳುಕು ಅರ್ಥವಾಗುವಂಥದ್ದೇ. ಆದರೂ ಹಾಕಿ ಎಂದೇ ನಾನು ಹೇಳುತ್ತೇನೆ, ಏಕೆಂದರೆ ಶುಲ್ಕ ಕೇಳಲು ಮುಜುಗರಪಟ್ಟು ಸುಮ್ಮನಾಗುವ ಮಧ್ಯಮ ವರ್ಗದ ಪೋಷಕರ ಸಂಖ್ಯೆ ಚಿಕ್ಕದಲ್ಲ. ತಿಂಗಳ ಶುಲ್ಕದ ಜೊತೆಗೆ, ಅದರಲ್ಲಿ ಸೇರದ ಖರ್ಚುಗಳನ್ನೂ ಮುಂಚಿತವಾಗಿ ತಿಳಿಸಿ. ವಾರ್ಷಿಕೋತ್ಸವದ ವೇಷಭೂಷಣದ ಬಾಡಿಗೆ, ಮೇಕಪ್, ಪರೀಕ್ಷಾ ಶುಲ್ಕ, ಮುಂದೊಂದು ದಿನ ಗೆಜ್ಜೆಪೂಜೆ ಅಥವಾ ರಂಗಪ್ರವೇಶ ಮಾಡಿಸುವುದಾದರೆ ಸಭಾಂಗಣ ಮತ್ತು ಪಕ್ಕವಾದ್ಯದವರ ಸಂಭಾವನೆ ಇವೆಲ್ಲ ನಡುದಾರಿಯಲ್ಲಿ ಎದುರಾದಾಗ ಮನಸ್ತಾಪಕ್ಕೆ ಕಾರಣವಾಗುತ್ತವೆ. ಜಾಲತಾಣದಲ್ಲಿ ಒಂದು ಸಾಲು ಮೊದಲೇ ಇದ್ದರೆ ಆ ಪ್ರಮೇಯವೇ ಬರುವುದಿಲ್ಲ.

ಹೆಜ್ಜೆ 2: ಡೊಮೈನ್ ಹೆಸರನ್ನು ನಿಮ್ಮ ಹೆಸರಿನಲ್ಲೇ ಕೊಳ್ಳಿ

ಡೊಮೈನ್ ಎಂದರೆ ತಾಣದ ವಿಳಾಸ, ಬಾಗಿಲ ಮೇಲಿನ ನಾಮಫಲಕವಿದ್ದಂತೆ; ಹೋಸ್ಟಿಂಗ್ ಎಂದರೆ ತಾಣದ ಪುಟಗಳನ್ನು ಇಡುವ ಜಾಗ, ಬಾಡಿಗೆ ಮನೆಯಿದ್ದಂತೆ. ಮನೆ ಬದಲಾಯಿಸಿದರೂ ಫಲಕ ನಿಮ್ಮ ಜೊತೆಗೇ ಬರಬೇಕು. ಈ ಮಾತು ಎಷ್ಟು ನಿಜವೆಂಬುದು 2024ರ ಮಾರ್ಚ್‌ನಲ್ಲಿ ತಿಳಿಯಿತು. ಗೂಗಲ್ ನಕ್ಷೆಯಲ್ಲಿ ಅಂಗಡಿ, ಶಾಲೆಗಳ ವಿವರ ತೋರಿಸುವ ಗೂಗಲ್ ಬಿಸಿನೆಸ್ ಪ್ರೊಫೈಲ್ ಮೂಲಕ ಉಚಿತವಾಗಿ ಮಾಡಿಕೊಳ್ಳಬಹುದಾಗಿದ್ದ ಪುಟ್ಟ ವೆಬ್‌ಸೈಟ್‌ಗಳನ್ನು ಗೂಗಲ್ ಆಗ ನಿಲ್ಲಿಸಿಬಿಟ್ಟಿತು. ಸ್ವಂತ ಡೊಮೈನ್ ಇದ್ದವರು ಅದೇ ವಿಳಾಸವನ್ನು ಬೇರೆಡೆಗೆ ತಿರುಗಿಸಿಕೊಂಡು ಮುಂದುವರಿದರು. ಗೂಗಲ್ ಕೊಟ್ಟ ವಿಳಾಸವನ್ನೇ ವಿಸಿಟಿಂಗ್ ಕಾರ್ಡಿನಲ್ಲೂ ಆಹ್ವಾನ ಪತ್ರಿಕೆಯಲ್ಲೂ ಅಚ್ಚು ಹಾಕಿಸಿದ್ದವರ ವಿಳಾಸ ಕೆಲಸಕ್ಕೆ ಬಾರದಾಯಿತು. ಇನ್‌ಸ್ಟಾಗ್ರಾಮ್ ಪುಟವನ್ನೇ ನಂಬಿಕೊಂಡಿರುವವರ ಸ್ಥಿತಿಯೂ ಇದಕ್ಕಿಂತ ಭದ್ರವಾಗಿಲ್ಲ. ಖಾತೆ ಹ್ಯಾಕ್ ಆದರೆ ಹತ್ತು ವರ್ಷದ ಚಿತ್ರಗಳೂ ಹಿಂಬಾಲಕರೂ ಒಟ್ಟಿಗೇ ಹೋಗುತ್ತಾರೆ.

ಹೆಸರು ಚಿಕ್ಕದಾಗಿರಲಿ, ಫೋನಿನಲ್ಲಿ ಒಮ್ಮೆ ಹೇಳಿದರೆ ತಪ್ಪಿಲ್ಲದೆ ಟೈಪ್ ಮಾಡುವಂತಿರಲಿ. ನೃತ್ಯಶಾಲೆಗಳ ಹೆಸರುಗಳು ಬಹುಮಟ್ಟಿಗೆ ಸಂಸ್ಕೃತ ಪದಗಳಾದ್ದರಿಂದ ರೋಮನ್ ಲಿಪಿಗೆ ಬಂದಾಗ ಒಂದೇ ಹೆಸರಿಗೆ ನಾಲ್ಕು ಸ್ಪೆಲಿಂಗ್‌ಗಳು ಹುಟ್ಟುತ್ತವೆ. ‘ನಾಟ್ಯ’, ‘ನೃತ್ಯ’, ‘ಲಾಸ್ಯ’ ಎಂಬ ಪದಗಳಿರುವ ಹೆಸರನ್ನು ಮನೆಯ ಐದಾರು ಜನರಿಗೆ ಬಾಯಲ್ಲಿ ಹೇಳಿ, ಅವರು ಹೇಗೆ ಟೈಪ್ ಮಾಡುತ್ತಾರೆಂದು ನೋಡಿ ತೀರ್ಮಾನಿಸಿ. ಊರಿನ ಹೆಸರನ್ನು ಸೇರಿಸಿಕೊಂಡರೆ ಅದೇ ಹೆಸರಿನ ಬೇರೆ ಶಾಲೆಗಳಿಂದ ಪ್ರತ್ಯೇಕವಾಗಿ ಕಾಣುತ್ತೀರಿ. ಡಾಟ್ ಇನ್ ಅಥವಾ ಡಾಟ್ ಕಾಮ್, ಎರಡರಲ್ಲಿ ಯಾವುದಾದರೂ ಸರಿ. ಕನ್ನಡ ಲಿಪಿಯಲ್ಲೇ ‘ಡಾಟ್ ಭಾರತ’ ಎಂಬ ವಿಸ್ತರಣೆಯೂ ಇದೆ; ಅದು ಸಂತೋಷದ ವಿಷಯವೇ, ಆದರೆ ಪೋಷಕರು ವಿಳಾಸವನ್ನು ರೋಮನ್ ಲಿಪಿಯಲ್ಲೇ ಟೈಪ್ ಮಾಡುವುದರಿಂದ ಅದು ಎರಡನೆಯ ವಿಳಾಸವಾಗಿರಬೇಕೇ ಹೊರತು ಮುಖ್ಯ ವಿಳಾಸವಾಗಿ ಅಲ್ಲ.

ಕೊಳ್ಳುವಾಗ ನಿಮ್ಮದೇ ಇಮೇಲ್, ನಿಮ್ಮದೇ ಫೋನ್ ಸಂಖ್ಯೆ ಕೊಡಿ, ನಿಮ್ಮದೇ ಖಾತೆಯಿಂದ ಹಣ ಕಟ್ಟಿ. ಡೆವಲಪರ್ ಆದ ಹುಡುಗ ಎಷ್ಟೇ ಪರಿಚಿತನಾಗಿರಲಿ, ಹಳೆಯ ವಿದ್ಯಾರ್ಥಿನಿಯ ಅಣ್ಣನೇ ಆಗಿರಲಿ, ಅವನ ಖಾತೆಯಲ್ಲಿ ಡೊಮೈನ್ ನೋಂದಾಯಿಸಲು ಬಿಡಬೇಡಿ. ಅವನು ಕೆಲಸ ಬದಲಾಯಿಸಿ ದೂರ ಹೋದಾಗ ನವೀಕರಣದ ಇಮೇಲ್ ಅವನಿಗೆ ಹೋಗುತ್ತದೆ, ನಿಮಗೆ ಬರುವುದಿಲ್ಲ. ಮೊದಲ ವರ್ಷದ ಬೆಲೆಗೆ ಮರುಳಾಗದೆ ಎರಡನೆಯ ವರ್ಷದ ನವೀಕರಣ ಶುಲ್ಕವನ್ನು ನೋಡಿ, ಏಕೆಂದರೆ ರಿಯಾಯಿತಿ ಸಾಮಾನ್ಯವಾಗಿ ಮೊದಲ ವರ್ಷಕ್ಕೆ ಸೀಮಿತವಾಗಿರುತ್ತದೆ.

ಹೆಜ್ಜೆ 3: ಯಾವ ಬಗೆಯ ತಾಣ ನಿಮಗೆ ಹೊಂದುತ್ತದೆ?

ಮೊದಲನೆಯ ಬಗೆ ಗೂಗಲ್ ಸೈಟ್ಸ್‌ನಂತಹ ಉಚಿತ ಸೇವೆ. ಜಿಮೇಲ್ ಖಾತೆ ಇದ್ದರೆ ಸಾಕು, ಸ್ವಂತ ಡೊಮೈನನ್ನೂ ಜೋಡಿಸಬಹುದು. ವಿನ್ಯಾಸದ ಆಯ್ಕೆಗಳು ಕಡಿಮೆ, ಶುಲ್ಕ ಪಾವತಿ ಅಥವಾ ಬುಕಿಂಗ್‌ನಂತಹ ಸೌಲಭ್ಯಗಳು ಅದರೊಳಗೇ ಇಲ್ಲ. ಮೂವತ್ತು, ನಲವತ್ತು ಮಕ್ಕಳಿರುವ, ಒಂದೇ ಜಾಗದಲ್ಲಿ ನಡೆಯುವ ಶಾಲೆಗೆ ಇಷ್ಟು ಸಾಕಾಗುತ್ತದೆ ಎಂಬುದನ್ನು ಒತ್ತಿ ಹೇಳಬೇಕು. ಅಚ್ಚುಕಟ್ಟಾಗಿ ಬರೆದ ಉಚಿತ ತಾಣವು ಅರ್ಧಕ್ಕೆ ನಿಂತ ದುಬಾರಿ ತಾಣಕ್ಕಿಂತ ಹೆಚ್ಚು ವೃತ್ತಿಪರವಾಗಿ ಕಾಣುತ್ತದೆ.

ಎರಡನೆಯದು ವಿಕ್ಸ್, ಸ್ಕ್ವೇರ್‌ಸ್ಪೇಸ್‌ನಂತಹ ಚಂದಾ ಸೇವೆಗಳು. ಹೋಸ್ಟಿಂಗ್, ವಿನ್ಯಾಸ, ಭದ್ರತೆ ಎಲ್ಲವೂ ಒಂದೇ ಕಡೆ ಸಿಗುತ್ತವೆ, ತಾಂತ್ರಿಕ ತಲೆನೋವು ಇರುವುದಿಲ್ಲ. ವಿಕ್ಸ್‌ನ ಉಚಿತ ಯೋಜನೆಯಲ್ಲಿ ಅವರ ಜಾಹೀರಾತು ಕಾಣುತ್ತದೆ, ಸ್ವಂತ ಡೊಮೈನ್ ಜೋಡಿಸಲು ಬರುವುದಿಲ್ಲ. ಹಾಗಾಗಿ ವೃತ್ತಿಪರ ಬಳಕೆಗೆ ಹಣ ಕೊಟ್ಟೇ ತೀರಬೇಕು. ಅಲ್ಲಿ ಕಟ್ಟಿದ ತಾಣವನ್ನು ಇದ್ದಂತೆಯೇ ಎತ್ತಿ ಬೇರೆ ಹೋಸ್ಟಿಂಗ್‌ಗೆ ಒಯ್ಯಲು ಆಗುವುದಿಲ್ಲ ಎಂಬುದನ್ನೂ ಗಮನದಲ್ಲಿಡಿ. ಚಂದಾ ನಿಲ್ಲಿಸುವ ಮೊದಲೇ ಬರಹ ಮತ್ತು ಚಿತ್ರಗಳ ಪ್ರತಿಯನ್ನು ನಿಮ್ಮ ಕಂಪ್ಯೂಟರಿನಲ್ಲಿ ಇಟ್ಟುಕೊಳ್ಳಿ.

ಮೂರನೆಯದು ವರ್ಡ್‌ಪ್ರೆಸ್. 2003ರಿಂದ ಬೆಳೆದು ಬಂದಿರುವ ಈ ಮುಕ್ತ ತಂತ್ರಾಂಶವನ್ನು ಯಾವ ಹೋಸ್ಟಿಂಗ್‌ನಲ್ಲಿ ಬೇಕಾದರೂ ಹಾಕಿಕೊಳ್ಳಬಹುದು, ಒಂದು ಕಡೆಯಿಂದ ಇನ್ನೊಂದು ಕಡೆಗೆ ಒಯ್ಯಬಹುದು, ಕೆಲಸ ಬಲ್ಲವರು ಎಲ್ಲ ಊರುಗಳಲ್ಲೂ ಸಿಗುತ್ತಾರೆ. ಸ್ವಾತಂತ್ರ್ಯ ಹೆಚ್ಚಿದ್ದಷ್ಟೂ ಜವಾಬ್ದಾರಿಯೂ ಹೆಚ್ಚು. ತಂತ್ರಾಂಶವನ್ನೂ ಅದಕ್ಕೆ ಜೋಡಿಸುವ ಪುಟ್ಟ ತಂತ್ರಾಂಶಗಳಾದ ಪ್ಲಗಿನ್‌ಗಳನ್ನೂ ಕಾಲಕಾಲಕ್ಕೆ ನವೀಕರಿಸದಿದ್ದರೆ ಕಿಡಿಗೇಡಿಗಳು ಒಳನುಗ್ಗುತ್ತಾರೆ, ನಿಮ್ಮ ಶಾಲೆಯ ಹೆಸರಿನ ಪುಟದಲ್ಲಿ ಜೂಜಿನ ಜಾಹೀರಾತುಗಳು ಕಾಣಿಸಿಕೊಳ್ಳುವ ಅಪಾಯವಿದೆ. ತಿಂಗಳಿಗೊಮ್ಮೆ ಈ ಕೆಲಸ ಮಾಡುವ ಒಬ್ಬರು ಖಚಿತವಾಗಿ ಇದ್ದರೆ ಮಾತ್ರ ವರ್ಡ್‌ಪ್ರೆಸ್ ಆರಿಸಿ.

ಎರಡು ಮೂರು ಶಾಖೆಗಳು, ನೂರೈವತ್ತಕ್ಕೂ ಹೆಚ್ಚು ಮಕ್ಕಳು, ಆನ್‌ಲೈನ್ ತರಗತಿ, ಹಾಜರಾತಿ ಇವೆಲ್ಲ ಇದ್ದಾಗ ವರ್ಡ್‌ಪ್ರೆಸ್ ಅಥವಾ ಚಂದಾ ಸೇವೆ ಸಮಂಜಸ. ಸೊನ್ನೆಯಿಂದ ಕೋಡ್ ಬರೆದು ತಾಣ ಕಟ್ಟಿಕೊಡುತ್ತೇವೆ ಎನ್ನುವವರನ್ನು ಸಣ್ಣ ಶಾಲೆಗಳು ದೂರವಿಡುವುದು ಒಳಿತು. ಆ ಕೋಡ್ ಬರೆದವರಿಲ್ಲದೆ ಒಂದು ಸಾಲನ್ನೂ ಬದಲಿಸಲು ಆಗದ ಪರಿಸ್ಥಿತಿ ಮುಂದೆ ಬರುತ್ತದೆ.

ಹೆಜ್ಜೆ 4: ಹಣ ಕೊಡುವ ಮೊದಲು ಕನ್ನಡದಲ್ಲಿ ಪರೀಕ್ಷಿಸಿ

ಎಲ್ಲರೂ ಬಿಟ್ಟುಬಿಡುವ ಹೆಜ್ಜೆ ಇದು. ಈ ಸೇವೆಗಳ ಸಿದ್ಧ ವಿನ್ಯಾಸಗಳನ್ನೆಲ್ಲ ಇಂಗ್ಲಿಷ್ ಅಕ್ಷರಗಳ ಎತ್ತರಕ್ಕೆ ತಕ್ಕಂತೆ ಮಾಡಿರುತ್ತಾರೆ. ಪ್ರಾಯೋಗಿಕ ಅವಧಿಯಲ್ಲೇ ದೊಡ್ಡ ಶೀರ್ಷಿಕೆಯ ಜಾಗದಲ್ಲಿ ‘ನೃತ್ಯ ಶಿಕ್ಷಣ’, ‘ಶಾಸ್ತ್ರೀಯ ಕಲಾಕ್ಷೇತ್ರ’ ಎಂಬಂತಹ, ಒತ್ತಕ್ಷರಗಳಿರುವ ಪದಗಳನ್ನು ಎರಡು ಸಾಲಿಗೆ ಬರುವಂತೆ ಟೈಪ್ ಮಾಡಿ ನೋಡಿ. ಸಾಲುಗಳ ನಡುವಿನ ಅಂತರ ಕಡಿಮೆ ಇದ್ದರೆ ಮೇಲಿನ ಸಾಲಿನ ಒತ್ತಕ್ಷರವು ಕೆಳಗಿನ ಸಾಲಿನ ಗುಡಿಸು, ಏತ್ವಗಳಿಗೆ ತಾಗುತ್ತದೆ. ಕೆಲವು ವಿನ್ಯಾಸಗಳಲ್ಲಿ ಬಟನ್ನಿನೊಳಗಿನ ಪದದ ಒತ್ತಕ್ಷರ ಅರ್ಧಕ್ಕೆ ಕತ್ತರಿಸಿಹೋಗುತ್ತದೆ. ಸಾಲಿನ ಅಂತರವನ್ನು ಅಕ್ಷರದ ಗಾತ್ರದ ಒಂದೂವರೆ ಪಟ್ಟಿಗಿಂತ ಹೆಚ್ಚಿಸಲು ಅವಕಾಶ ಇದೆಯೇ ನೋಡಿ, ಇಲ್ಲದಿದ್ದರೆ ಆ ವಿನ್ಯಾಸವನ್ನು ಬಿಟ್ಟುಬಿಡಿ. ನೋಟೊ ಸಾನ್ಸ್ ಕನ್ನಡ, ನೋಟೊ ಸೆರಿಫ್ ಕನ್ನಡ, ಬಾಲೂ ತಮ್ಮ, ತಿರೊ ಕನ್ನಡ ಮುಂತಾದ ಉಚಿತ ಅಕ್ಷರಶೈಲಿಗಳು ಗೂಗಲ್ ಫಾಂಟ್ಸ್‌ನಲ್ಲಿ ಸಿಗುತ್ತವೆ.

ಹಳೆಯ ಆಹ್ವಾನ ಪತ್ರಿಕೆಗಳ ಬರಹವನ್ನು ‘ನುಡಿ’ ಅಥವಾ ‘ಬರಹ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿಸಿದ್ದರೆ ಅದನ್ನು ನೇರವಾಗಿ ಅಂಟಿಸಬೇಡಿ, ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತವೆ. ಮೊದಲು ಎಲ್ಲ ಮೊಬೈಲು, ಕಂಪ್ಯೂಟರುಗಳೂ ಓದಬಲ್ಲ ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಬೇಕು. ಮುದ್ರಣಾಲಯದವರು ಕೊಟ್ಟ ಬ್ಯಾನರಿನ ಚಿತ್ರವನ್ನೇ ವೇಳಾಪಟ್ಟಿಯೆಂದು ಹಾಕುವ ಅಭ್ಯಾಸವನ್ನೂ ಬಿಡಿ. ಚಿತ್ರದೊಳಗಿನ ಅಕ್ಷರ ಮೊಬೈಲಿನಲ್ಲಿ ಕಣ್ಣಿಗೆ ಕಾಣದಷ್ಟು ಚಿಕ್ಕದಾಗುತ್ತದೆ, ಹುಡುಕಾಟದಲ್ಲಿ ಅದನ್ನು ನೆಚ್ಚಿಕೊಳ್ಳಲಾಗದು, ಸಮಯ ಬದಲಾದರೆ ಮತ್ತೆ ಮುದ್ರಣಾಲಯಕ್ಕೇ ಹೋಗಬೇಕು.

ಇದೇ ಅವಧಿಯಲ್ಲಿ ಇನ್ನೊಂದು ಪರೀಕ್ಷೆ ಮಾಡಿ. ಮುಂದೆ ತಾಣವನ್ನು ನೋಡಿಕೊಳ್ಳಲಿರುವವರ ಕೈಗೆ ಮೊಬೈಲ್ ಕೊಟ್ಟು, ‘ಗುರುವಾರದ ತರಗತಿಯನ್ನು ಶುಕ್ರವಾರಕ್ಕೆ ಬದಲಾಯಿಸಿ’ ಎಂದು ಹೇಳಿ ಸುಮ್ಮನೆ ನೋಡುತ್ತಿರಿ. ಯಾರ ಸಹಾಯವೂ ಇಲ್ಲದೆ ಹತ್ತು ನಿಮಿಷದೊಳಗೆ ಮಾಡಿದರೆ ಆ ಸೇವೆ ನಿಮಗೆ ಒಗ್ಗುತ್ತದೆ.

ಹೆಜ್ಜೆ 5: ಮಾಡಿಕೊಡುವವರೊಂದಿಗೆ ಬರಹದಲ್ಲಿ ಒಪ್ಪಂದ

ಬೇರೆಯವರಿಂದ ಮಾಡಿಸುವುದಾದರೆ ಒಂದು ಪುಟದ ಒಪ್ಪಂದವಾದರೂ ಇರಲಿ. ಒಟ್ಟು ಮೊತ್ತ ಎಷ್ಟು, ಅದರಲ್ಲಿ ಎಷ್ಟು ಪುಟ, ಎಷ್ಟು ಬಾರಿ ತಿದ್ದುಪಡಿ, ವಾರ್ಷಿಕ ನಿರ್ವಹಣೆಗೆ ಏನು ಶುಲ್ಕ, ಕೆಲಸ ಮುಗಿದ ದಿನ ಎಲ್ಲ ಪಾಸ್‌ವರ್ಡ್‌ಗಳು ನಿಮ್ಮ ಕೈಗೆ ಬರುತ್ತವೆಯೇ ಎಂಬುದು ಅದರಲ್ಲಿರಬೇಕು. ಹಣವನ್ನು ಒಂದೇ ಕಂತಿನಲ್ಲಿ ಕೊಡಬೇಡಿ. ಅವರು ಮೊದಲು ಮಾಡಿದ ಮೂರು ತಾಣಗಳನ್ನು ನಿಮ್ಮ ಮೊಬೈಲಿನಲ್ಲಿ ತೆರೆದು ನೋಡಿ. ಗೂಗಲ್‌ನ ಪೇಜ್‌ಸ್ಪೀಡ್ ಇನ್‌ಸೈಟ್ಸ್ ಎಂಬ ಉಚಿತ ಸಾಧನದಲ್ಲಿ ಆ ವಿಳಾಸಗಳನ್ನು ಹಾಕಿದರೆ ಪುಟ ತೆರೆಯುವ ವೇಗವೂ ತಿಳಿಯುತ್ತದೆ. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಿಸಿಕೊಂಡರೆ ಗೂಗಲ್ ಅದನ್ನು ಉತ್ತಮವೆಂದು ಪರಿಗಣಿಸುತ್ತದೆ. ತಾಣಕ್ಕೂ ಓದುಗರಿಗೂ ನಡುವಿನ ಮಾಹಿತಿಯನ್ನು ಗುಪ್ತವಾಗಿಡುವ ಎಸ್‌ಎಸ್‌ಎಲ್ ಪ್ರಮಾಣಪತ್ರಕ್ಕೆಂದು ಪ್ರತ್ಯೇಕವಾಗಿ ದೊಡ್ಡ ಮೊತ್ತ ಕೇಳಿದರೆ ಪ್ರಶ್ನಿಸಿ, ಏಕೆಂದರೆ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ ಅದನ್ನು ಉಚಿತವಾಗಿ ಕೊಡುತ್ತದೆ. ಆ ಪ್ರಮಾಣಪತ್ರ ಇಲ್ಲದ ತಾಣವನ್ನು ಕ್ರೋಮ್ ಬ್ರೌಸರ್ 2018ರಿಂದ ‘ಸುರಕ್ಷಿತವಲ್ಲ’ ಎಂದೇ ತೋರಿಸುತ್ತದೆ.

ಹೆಜ್ಜೆ 6: ಚಿತ್ರ, ವಿಡಿಯೊ, ಸಂಗೀತ ಮತ್ತು ಮಕ್ಕಳ ಒಪ್ಪಿಗೆ

ನೃತ್ಯ ಕಣ್ಣಿಗೆ ಕಾಣುವ ಕಲೆಯಾದ್ದರಿಂದ ಚಿತ್ರಗಳು ತಾಣದ ಜೀವಾಳ. ಇಂಟರ್ನೆಟ್ಟಿನಿಂದ ಎತ್ತಿಕೊಂಡ ಅಪರಿಚಿತ ನರ್ತಕಿಯ ಚಿತ್ರ ಒಂದೂ ಬೇಡ. ಮಂಡಿ ಮಡಿಸಿ ಅರಮಂಡಿಯಲ್ಲಿ ಕುಳಿತ ನಿಮ್ಮದೇ ಮಕ್ಕಳ, ತಟ್ಟುಕೋಲು ಹಿಡಿದ ನಿಮ್ಮದೇ ತರಗತಿಯ ಚಿತ್ರ ಮಂಕಾಗಿದ್ದರೂ ಹೆಚ್ಚು ನಂಬಿಕೆ ಹುಟ್ಟಿಸುತ್ತದೆ. ಫೋನಿನ ಚಿತ್ರ ನಾಲ್ಕೈದು ಎಂಬಿ ತೂಗುತ್ತದೆ. ಅದನ್ನು 200 ಕೆಬಿ ಆಸುಪಾಸಿಗೆ ಇಳಿಸಿ ಹಾಕಿ. ವಿಡಿಯೊಗಳನ್ನು ತಾಣಕ್ಕೆ ನೇರವಾಗಿ ಏರಿಸದೆ ಯೂಟ್ಯೂಬಿಗೆ ಏರಿಸಿ ಅಲ್ಲಿಂದ ಜೋಡಿಸುವುದು ಸರಿ.

ಮಕ್ಕಳ ವಿಷಯದಲ್ಲಿ ಬಹಳ ಎಚ್ಚರ ಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ವರ್ಷ ತುಂಬದವರೆಲ್ಲರೂ ಮಕ್ಕಳೇ, ಅವರ ವಿವರಗಳನ್ನು ಬಳಸಲು ಪೋಷಕರ ಪರಿಶೀಲಿಸಬಹುದಾದ ಒಪ್ಪಿಗೆ ಬೇಕು. ಕಾಯ್ದೆಯ ಮಾತು ಹಾಗಿರಲಿ, ತಮ್ಮ ಮಗಳ ಚಿತ್ರ ಎಲ್ಲೆಲ್ಲಿ ಕಾಣಬೇಕು ಎಂದು ತೀರ್ಮಾನಿಸುವ ಹಕ್ಕು ತಂದೆತಾಯಿಯರದು. ಪ್ರವೇಶದ ಅರ್ಜಿಯಲ್ಲೇ ಚಿತ್ರ ಬಳಕೆಗೆ ಪ್ರತ್ಯೇಕ ಸಹಿ ಪಡೆಯಿರಿ. ಬೇಡವೆಂದವರ ಮಗುವನ್ನು ತರಗತಿಯಲ್ಲಿ ಬೇರೆಯಾಗಿ ಕಾಣಬೇಡಿ. ಚಿತ್ರದ ಕೆಳಗೆ ಮಗುವಿನ ಪೂರ್ಣ ಹೆಸರು, ಶಾಲೆಯ ಹೆಸರು ಬರೆಯಬೇಡಿ, ಉಡುಪು ಬದಲಿಸುವ ಕೋಣೆಯಲ್ಲಿ ತೆಗೆದ ಚಿತ್ರಗಳನ್ನು ಯಾವ ಕಾರಣಕ್ಕೂ ಹಾಕಬೇಡಿ.

ಸಂಗೀತದಲ್ಲಿ ಒಂದು ಸೂಕ್ಷ್ಮವಿದೆ. 1847ರಲ್ಲಿ ತೀರಿಕೊಂಡ ತ್ಯಾಗರಾಜರ ಕೃತಿ ಯಾರ ಸ್ವತ್ತೂ ಅಲ್ಲ. ಆದರೆ ಅದನ್ನು ಇತ್ತೀಚೆಗೆ ಯಾರಾದರೂ ಹಾಡಿ ಧ್ವನಿಮುದ್ರಿಸಿದ್ದರೆ ಆ ಮುದ್ರಿಕೆಗೆ ನಮ್ಮ ಕೃತಿಸ್ವಾಮ್ಯ ಕಾಯ್ದೆಯಡಿ 60 ವರ್ಷಗಳ ರಕ್ಷಣೆ ಇದೆ. ವಾರ್ಷಿಕೋತ್ಸವದಲ್ಲಿ ಅಂತಹ ಮುದ್ರಿಕೆಗೆ ನರ್ತಿಸಿದ ವಿಡಿಯೊವನ್ನು ಯೂಟ್ಯೂಬಿಗೆ ಏರಿಸಿದರೆ ಧ್ವನಿ ನಿಂತುಹೋಗಬಹುದು ಅಥವಾ ವಿಡಿಯೊ ತಡೆಯಲ್ಪಡಬಹುದು. ನಿಮ್ಮದೇ ಗಾಯಕರು ಹಾಡಿ, ನೀವೇ ನಟುವಾಂಗ ಮಾಡಿದ ಒಂದು ಅಲರಿಪು ಅಥವಾ ತಿಲ್ಲಾನದ ತುಣುಕು ತಾಣಕ್ಕೆ ಎಲ್ಲ ರೀತಿಯಿಂದಲೂ ಶೋಭೆ.

ಹೆಜ್ಜೆ 7: ಶುಲ್ಕ ಪಾವತಿ ಮತ್ತು ಆನ್‌ಲೈನ್ ತರಗತಿ

ಸ್ಥಳೀಯ ಮಕ್ಕಳಷ್ಟೇ ಇದ್ದರೆ ಪಾವತಿ ಗೇಟ್‌ವೇ (ತಾಣದ ಮೂಲಕವೇ ಹಣ ಪಡೆದುಕೊಡುವ ಸೇವೆ) ಬೇಕಿಲ್ಲ. ಯುಪಿಐ ಐಡಿ ಮತ್ತು ಕ್ಯೂಆರ್ ಕೋಡ್ ಸಾಕು. ಗೇಟ್‌ವೇಗಳು ಪ್ರತಿ ಪಾವತಿಯ ಮೇಲೆ ಸುಮಾರು ಶೇ 2ರಷ್ಟು ಶುಲ್ಕವನ್ನೂ ಅದರ ಮೇಲೆ ಜಿಎಸ್‌ಟಿಯನ್ನೂ ಹಿಡಿದುಕೊಳ್ಳುತ್ತವೆ. ರಸೀದಿ ಬರೆಯುವುದೇ ದೊಡ್ಡ ಕೆಲಸವಾಗಿರುವ ಶಾಲೆಗಷ್ಟೇ ಆ ಖರ್ಚು ಸಾರ್ಥಕ.

ಅಮೆರಿಕ, ಸಿಂಗಪುರ, ದುಬೈಗಳ ಕನ್ನಡ ಕುಟುಂಬಗಳ ಮಕ್ಕಳಿಗೆ ಆನ್‌ಲೈನಿನಲ್ಲಿ ಕಲಿಸುವವರು ವೇಳಾಪಟ್ಟಿಯಲ್ಲಿ ಎರಡೂ ದೇಶಗಳ ಸಮಯವನ್ನು ಬರೆಯಬೇಕು. ಕ್ಯಾಲಿಫೋರ್ನಿಯಾ ನಮಗಿಂತ ಬೇಸಿಗೆಯಲ್ಲಿ ಹನ್ನೆರಡೂವರೆ ಗಂಟೆ, ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ ಹಿಂದಿರುತ್ತದೆ. ಮಾರ್ಚ್‌ನ ಎರಡನೆಯ ಭಾನುವಾರ ಮತ್ತು ನವೆಂಬರ್‌ನ ಮೊದಲ ಭಾನುವಾರ ಅವರ ಗಡಿಯಾರ ಬದಲಾಗುತ್ತದೆ, ಆಯಾ ವಾರಕ್ಕೆ ಮುಂಚೆಯೇ ನಿಮ್ಮ ಪುಟವೂ ಬದಲಾಗಬೇಕು.

ಹೆಜ್ಜೆ 8: ನಕ್ಷೆಯಲ್ಲಿ ಕಾಣಿಸಿಕೊಳ್ಳಿ

‘ಹತ್ತಿರದ ಭರತನಾಟ್ಯ ತರಗತಿ’ ಎಂದು ಹುಡುಕುವವರಿಗೆ ಮೊದಲು ಕಾಣುವುದು ಗೂಗಲ್ ನಕ್ಷೆ. ಆದ್ದರಿಂದ ಗೂಗಲ್ ಬಿಸಿನೆಸ್ ಪ್ರೊಫೈಲನ್ನು ಉಚಿತವಾಗಿ ತೆರೆದು ದೃಢೀಕರಿಸಿಕೊಳ್ಳಿ, ಅದರಲ್ಲಿ ನಿಮ್ಮ ಸ್ವಂತ ಡೊಮೈನಿನ ವಿಳಾಸ ಹಾಕಿ. ಶಾಲೆಯ ಹೆಸರು, ವಿಳಾಸ, ಫೋನ್ ಸಂಖ್ಯೆ ಮೂರೂ ತಾಣದಲ್ಲಿ, ನಕ್ಷೆಯಲ್ಲಿ, ಇನ್‌ಸ್ಟಾಗ್ರಾಮಿನಲ್ಲಿ ಅಕ್ಷರಶಃ ಒಂದೇ ಆಗಿರಲಿ. ‘ಗಣಪತಿ ದೇವಸ್ಥಾನದ ಹಿಂದಿನ ಗಲ್ಲಿ, ಎರಡನೇ ಮಹಡಿ, ದ್ವಿಚಕ್ರ ವಾಹನ ನಿಲ್ಲಿಸಲು ಜಾಗವಿದೆ’ ಎಂಬಂತಹ ಗುರುತನ್ನು ಸಂಪರ್ಕ ಪುಟದಲ್ಲಿ ಸೇರಿಸಿ. ಮನೆಯಲ್ಲೇ ಕಲಿಸುವ ಒಂಟಿ ಮಹಿಳೆಯರು ಪೂರ್ಣ ವಿಳಾಸವನ್ನು ಬಹಿರಂಗಪಡಿಸದೆ ಬಡಾವಣೆಯ ಹೆಸರನ್ನಷ್ಟೇ ಕೊಟ್ಟು, ಉಳಿದದ್ದನ್ನು ಫೋನಿನಲ್ಲಿ ತಿಳಿಸುವುದು ಸುರಕ್ಷಿತ. ಪ್ರತಿ ಪುಟದ ಕೊನೆಯಲ್ಲಿ ಒತ್ತಿದ ಕೂಡಲೇ ವಾಟ್ಸಾಪ್ ತೆರೆಯುವ ಕೊಂಡಿ ಇರಲಿ. ನಮ್ಮ ಪೋಷಕರಿಗೆ ಉದ್ದನೆಯ ಅರ್ಜಿ ತುಂಬುವುದಕ್ಕಿಂತ ಒಂದು ಸಂದೇಶ ಕಳಿಸುವುದೇ ಹಗುರ.

ಹೆಜ್ಜೆ 9: ವರ್ಷದ ನಿರ್ವಹಣೆ

ಜಾಲತಾಣದ ಕೆಲಸವನ್ನು ಶಾಲೆಯ ವಾರ್ಷಿಕ ಓಟಕ್ಕೆ ಹೊಂದಿಸಿಕೊಂಡರೆ ಅದು ಹೊರೆಯಾಗುವುದಿಲ್ಲ. ಮೇ ಕೊನೆಯಲ್ಲಿ, ಶಾಲೆಗಳು ತೆರೆಯುವ ಮುನ್ನ, ವೇಳಾಪಟ್ಟಿ ಮತ್ತು ಶುಲ್ಕವನ್ನು ಹೊಸದಾಗಿಸಿ. ನವರಾತ್ರಿಗೆ ಮೊದಲು ವಿಜಯದಶಮಿಯ ವಿದ್ಯಾರಂಭದ ಸೂಚನೆಯನ್ನು ಮೊದಲ ಪುಟದಲ್ಲಿ ಹಾಕಿ, ದಿನ ಕಳೆದ ಮೇಲೆ ತೆಗೆದುಹಾಕಿ. ಪರೀಕ್ಷೆಯ ಫಲಿತಾಂಶ ಬಂದಾಗ, ವಾರ್ಷಿಕೋತ್ಸವ ಮುಗಿದಾಗ ನಾಲ್ಕೈದು ಹೊಸ ಚಿತ್ರಗಳನ್ನು ಸೇರಿಸಿ ಹಳೆಯವನ್ನು ಇಳಿಸಿ. ಡೊಮೈನಿನ ನವೀಕರಣದ ದಿನವನ್ನು ಒಂದು ತಿಂಗಳು ಮುಂಚಿನ ನೆನಪಿನೊಂದಿಗೆ ಇಬ್ಬರ ಮೊಬೈಲಿನಲ್ಲಿ ಗುರುತಿಸಿಡಿ. ಅವಧಿ ಮುಗಿದ ಮೇಲೂ ಹೆಸರನ್ನು ಹಿಂಪಡೆಯಲು ಸ್ವಲ್ಪ ಕಾಲಾವಕಾಶ ಸಿಗುತ್ತದೆಯಾದರೂ ತಡವಾದಂತೆ ಶುಲ್ಕ ಏರುತ್ತದೆ, ಅದನ್ನೂ ದಾಟಿದರೆ ಆ ಹೆಸರನ್ನು ಬೇರೆ ಯಾರು ಬೇಕಾದರೂ ಕೊಳ್ಳಬಹುದು. ಪಾಸ್‌ವರ್ಡ್‌ಗಳು, ನವೀಕರಣದ ದಿನಾಂಕ, ಹೋಸ್ಟಿಂಗ್ ಕಂಪನಿಯ ಹೆಸರು ಇವನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದು ಬೀಗವಿರುವ ಕಪಾಟಿನಲ್ಲಿಡಿ, ಅದು ಎಲ್ಲಿದೆಯೆಂದು ಮನೆಯ ಇನ್ನೊಬ್ಬರಿಗೂ ತಿಳಿದಿರಲಿ.